ಟಿ2: ಹೊರಡುವವರಿಗೆ ಅರಮನೆ, ಇಳಿದವರಿಗೆ ದಾರಿ

ಬೆಂಗಳೂರಿನಿಂದ ವಿಮಾನ ಹತ್ತುವವರಲ್ಲಿ ಈಗ ಎರಡು ಪಂಗಡ. ಇಂಡಿಗೋದಲ್ಲಿ ದೆಹಲಿಗೋ ಹುಬ್ಬಳ್ಳಿಗೋ ಹೊರಟವರು ಹಳೆಯ ಟಿ1ಕ್ಕೆ, ಏರ್ ಇಂಡಿಯಾ ಬಳಗದ ಟಿಕೆಟ್ ಇದ್ದವರು ಟಿ2ಕ್ಕೆ. ಎರಡನೇ ಟರ್ಮಿನಲ್ ಶುರುವಾದ ಮೇಲೆ ನಡೆದುಬಂದ ಹಂಚಿಕೆ ಇದು. ದರದಲ್ಲಿ ಅಂಥ ವ್ಯತ್ಯಾಸವಿಲ್ಲದಿದ್ದರೆ ‘ಟಿ2 ನೋಡಿದ ಹಾಗೂ ಆಯಿತು’ ಎಂದು ಏರ್ ಇಂಡಿಯಾವನ್ನೇ ಆರಿಸುವವರಿದ್ದಾರೆ. ವಿಮಾನ ತಡವಾಯಿತೆಂದರೂ ಗೊಣಗದೆ ಫೋಟೊ ತೆಗೆಯುತ್ತ ನಿಲ್ಲುವ ಪ್ರಯಾಣಿಕರು ಒಂದು ಏರ್‌ಲೈನಿಗೆ ಪುಕ್ಕಟೆ ಸಿಗುವುದೆಂದರೆ ಸಣ್ಣ ಮಾತಲ್ಲ.

ಈ ಹೊಗಳಿಕೆ ಪೊಳ್ಳಲ್ಲ. 2022ರ ನವೆಂಬರ್ 11ರಂದು ಉದ್ಘಾಟನೆಯಾದ, ಮರುವರ್ಷ ಜನವರಿ 15ರಂದು ಕಲಬುರಗಿಗೆ ಹೊರಟ ಸ್ಟಾರ್ ಏರ್ ವಿಮಾನದೊಂದಿಗೆ ಕೆಲಸ ಆರಂಭಿಸಿದ ಈ ಕಟ್ಟಡವನ್ನು ವಿನ್ಯಾಸ ಮಾಡಿದ್ದು ಅಮೆರಿಕದ ಎಸ್‌ಒಎಂ ಸಂಸ್ಥೆ. ಗಾಜು ಮತ್ತು ಉಕ್ಕಿನಲ್ಲಿ ಮುಗಿಸಿಬಿಡಬಹುದಾಗಿದ್ದ ಚಾವಣಿಗೆ ಅವರು ಸಂಸ್ಕರಿಸಿದ ಬಿದಿರಿನ ಪಟ್ಟಿಗಳನ್ನು ಹೆಣೆದರು. ಮೇಲಿನ ಬೆಳಕಿಂಡಿಗಳಿಂದ ಇಳಿಯುವ ಬಿಸಿಲು ಆ ಹೆಣಿಗೆಯಲ್ಲಿ ಸೋಸಿಕೊಂಡು ಚೆಕ್-ಇನ್ ಕೌಂಟರುಗಳ ಮೇಲೆ ಬೀಳುತ್ತದೆ. ಚಾವಣಿಯಿಂದ ಇಳಿಬಿಟ್ಟ ಗಂಟೆಯಾಕಾರದ ಕುಂಡಗಳಲ್ಲಿ ಗಿಡಗಳು ತೂಗುತ್ತವೆ. ಹಸಿರು ಗೋಡೆಯ ಮುಂದೆ ಐದು ನಿಮಿಷ ನಿಂತು ನೋಡಿ: ಯಾರಾದರೊಬ್ಬರು ಆಚೀಚೆ ಕಣ್ಣಾಡಿಸಿ, ಮೆಲ್ಲಗೆ ಒಂದು ಎಲೆಯನ್ನು ಉಗುರಿನಿಂದ ಚಿವುಟಿ, ‘ಏ, ನಿಜವಾದದ್ದೇ ಕಣೇ’ ಎಂದು ಜೊತೆಯವರಿಗೆ ಹೇಳುತ್ತಾರೆ. ಮಾಲ್‌ಗಳ ಪ್ಲಾಸ್ಟಿಕ್ ಬಳ್ಳಿಗಳಿಗೆ ಒಗ್ಗಿಹೋದ ಕಣ್ಣು ನಂಬಲು ಹಿಂಜರಿಯುತ್ತದೆ, ಪಾಪ.

ನನ್ನ ಮಟ್ಟಿಗೆ ಇಲ್ಲಿಯ ದೊಡ್ಡ ಸಾಧನೆ ಆ ಚಾವಣಿಯಲ್ಲ. ಮುಖ್ಯ ಕಟ್ಟಡಕ್ಕೂ ವಿಮಾನದ ಗೇಟುಗಳಿಗೂ ನಡುವೆ ಬಿಟ್ಟಿರುವ ಸುಮಾರು 90 ಮೀಟರ್ ಅಗಲದ ಹಸಿರು ಪಟ್ಟಿ. ಭದ್ರತಾ ತಪಾಸಣೆಯಲ್ಲಿ ಬೆಲ್ಟು ಬಿಚ್ಚಿ, ಲ್ಯಾಪ್‌ಟಾಪ್ ಹೊರತೆಗೆದು, ಬೇಸತ್ತು ಬಂದವನಿಗೆ ಅಲ್ಲಿ ಮರ, ನೀರು, ಆಕಾಶ ಸಿಗುತ್ತವೆ. ಸಾಮಾನ್ಯವಾಗಿ ವಿಮಾನ ನಿಲ್ದಾಣಗಳು ಆ ಗಳಿಗೆಯಲ್ಲಿ ನಮ್ಮನ್ನು ನೇರ ಸುಗಂಧದ್ರವ್ಯದ ಅಂಗಡಿಗೆ ನೂಕುತ್ತವೆ. ಅಂಗಡಿಗಳು ಇಲ್ಲೂ ಧಾರಾಳವಾಗಿವೆ, ಕಾಫಿಯ ಬೆಲೆಯ ಬಗ್ಗೆ ಮಾತಾಡದಿರುವುದೇ ಲೇಸು. ಆದರೂ ಆ ಹಸಿರನ್ನು ಬಾಡಿಗೆಗೆ ಕೊಡದೆ ಉಳಿಸಿದ್ದು ಧೈರ್ಯದ ತೀರ್ಮಾನ. 2023ರಲ್ಲಿ ಪ್ರಿ ವರ್ಸೇಯ್ ಸ್ಪರ್ಧೆಯಲ್ಲಿ ಒಳಾಂಗಣಕ್ಕೆ ವಿಶೇಷ ಬಹುಮಾನ ಬಂದಿತು. ಬಳ್ಳಾರಿ ರಸ್ತೆಯ ಅಗಲೀಕರಣಕ್ಕೆ ಸಾಲುಮರ ಕಡಿದ ಊರು ತನ್ನ ತೋಟವನ್ನು ಟರ್ಮಿನಲ್ಲಿನ ಒಳಗೆ ತಂದಿಟ್ಟುಕೊಂಡು ಪ್ರಶಸ್ತಿ ಪಡೆಯಿತು ಎಂಬ ಕೊಂಕನ್ನು ಯಾರಾದರೂ ಆಡಿದರೆ ಅದನ್ನೂ ತಳ್ಳಿಹಾಕಲಾರೆ.

ತಕರಾರು ಶುರುವಾಗುವುದು ಎರಡು ವಿಮಾನ ಹತ್ತಬೇಕಾದವರಿಂದ. 2023ರ ಸೆಪ್ಟೆಂಬರ್ 12ರಂದು ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟಿ2ಕ್ಕೆ ಬಂದವು, ಇಂಡಿಗೋದವೂ ಸೇರಿ. ಅದರ ದೇಶೀಯ ವಿಮಾನಗಳು ಮಾತ್ರ ಟಿ1ರಲ್ಲೇ ಉಳಿದವು. ಹುಬ್ಬಳ್ಳಿಯಲ್ಲಿ ಇಂಡಿಗೋ ಹತ್ತಿ ಮಗನ ಮನೆಗೆಂದು ದುಬೈಗೆ ಹೊರಟ ವೃದ್ಧ ದಂಪತಿಯನ್ನು ಊಹಿಸಿಕೊಳ್ಳಿ. ಏರ್‌ಲೈನ್ ಒಂದೇ, ಕಟ್ಟಡ ಎರಡು. ಟಿ1ರಲ್ಲಿ ಇಳಿದು, ಹೊರಬಂದು, ಬಸ್ಸು ಹಿಡಿದು, ಟಿ2ರ ಬಾಗಿಲಲ್ಲಿ ಮತ್ತೆ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗಬೇಕು. ಬಸ್ಸಿಗೆ ದುಡ್ಡಿಲ್ಲ ಎಂಬುದು ನಿಜ, ಆದರೆ ಆ ವಯಸ್ಸಿನವರ ಚಿಂತೆ ದುಡ್ಡಿನದಲ್ಲ. ಏರ್ ಇಂಡಿಯಾದಲ್ಲಿ ಬಂದವರಿಗೆ ಈ ಗೋಜಿಲ್ಲ; ಒಳನಾಡಿನದೂ ಹೊರದೇಶದ್ದೂ ಒಂದೇ ಸೂರಿನಡಿ. ಬಿದಿರು, ಜಲಪಾತಗಳಿಗಿಂತ ನಾನು ಈ ಅನುಕೂಲಕ್ಕೇ ಹೆಚ್ಚು ಅಂಕ ಕೊಡುತ್ತೇನೆ. ಪ್ರಚಾರದ ಚಿತ್ರಗಳಲ್ಲಿ ಇದು ಕಾಣುವುದಿಲ್ಲ, ಅಷ್ಟೆ.

ಇನ್ನು ಇಳಿದವರ ಪಾಡು. ಹೊರಡುವವನಿಗೆ ತಲೆಯೆತ್ತಲು ಪುರುಸೊತ್ತಿರುತ್ತದೆ, ಇಳಿದವನಿಗೆ ಮನೆ ಸೇರುವ ಆತುರ. ಲಗೇಜ್ ಬೆಲ್ಟ್ ದಾಟಿದ ಮೇಲೆ ಕಣ್ಣು ಹುಡುಕುವುದು ಟ್ಯಾಕ್ಸಿಯನ್ನು, ಬಿಎಂಟಿಸಿಯ ವಾಯುವಜ್ರವನ್ನು. ಟ್ಯಾಕ್ಸಿ ಬಾಗಿಲಿಗೆ ಬರುವುದಿಲ್ಲ. ನಾವೇ ಸಾರಿಗೆ ಕೇಂದ್ರದ ಕಡೆ ಟ್ರಾಲಿ ತಳ್ಳಿಕೊಂಡು ನಡೆಯಬೇಕು. ಮುಂಬಾಗಿಲಲ್ಲಿ ಕಾರುಗಳ ಗೊಂದಲ ಇಲ್ಲದಿರಲೆಂದು ಮಾಡಿದ ಈ ಏರ್ಪಾಡು ನಕ್ಷೆಯ ಮೇಲೆ ಚೆಂದ. ನಿದ್ದೆಗೆ ಬಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ರಾತ್ರಿ ಎರಡು ಗಂಟೆಗೆ ಟ್ರಾಲಿ ತಳ್ಳುವವರಿಗೆ ಅದು ಬರೀ ದೂರ. 2021ರಲ್ಲಿ ತೆರೆದ ರೈಲು ಹಾಲ್ಟ್ ಆವರಣದ ಅಂಚಿನಲ್ಲಿದೆ, ಅಲ್ಲಿಗೂ ಬಸ್ಸಿನಲ್ಲೇ ಹೋಗಬೇಕು. ಮೆಟ್ರೊದ ನೀಲಿ ಮಾರ್ಗ ಬಂದರೆ ಅರ್ಧ ತಲೆನೋವು ಕಳೆದೀತು.

ಹಾಗಾಗಿ ‘ಟಿ2ಕ್ಕಾಗಿ ಏರ್ ಇಂಡಿಯಾದಲ್ಲೇ ಹೋಗಲೇ?’ ಎಂದು ಕೇಳುವವರಿಗೆ ನನ್ನ ಉತ್ತರ ಪ್ರಯಾಣದ ಮೇಲೆ ನಿಂತಿದೆ. ದೆಹಲಿಗೆ ಹೋಗಿ ಸಂಜೆಯೇ ವಾಪಸಾಗುವ ಕೆಲಸವಿದ್ದರೆ ಹೊತ್ತು ನೋಡಿ ಟಿಕೆಟ್ ಮಾಡಿ, ಟಿ1 ಆದರೂ ಕೊರತೆಯೇನಿಲ್ಲ. ಅಪ್ಪ ಅಮ್ಮನನ್ನು ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಹೊರದೇಶಕ್ಕೆ ಕಳಿಸುವುದಾದರೆ ಮಾತ್ರ ನಾಲ್ಕು ಕಾಸು ಹೆಚ್ಚಾದರೂ ಎರಡೂ ವಿಮಾನ ಟಿ2ರಲ್ಲೇ ಇರುವಂತೆ ನೋಡಿಕೊಳ್ಳಿ. ತೋಟವನ್ನು ಅವರು ನೋಡಿದರೂ ಸರಿ, ಬಿಟ್ಟರೂ ಸರಿ.