ಶ್ವಾಸಕೋಶವ್ಯಾಧಿಯ ತೀವ್ರತೆ ಮತ್ತು ರಕ್ತದ ಸಾಕ್ಷ್ಯ: ಒಂದು ಪರಾಮರ್ಶೆ

ದೀರ್ಘಕಾಲದ ಶ್ವಾಸಕೋಶವ್ಯಾಧಿಯ ತೀವ್ರತೆಯನ್ನು ರಕ್ತಪರೀಕ್ಷೆಯಿಂದಲೇ ನಿರ್ಣಯಿಸಬಹುದೆಂಬ ಆಶೆ ಈಚಿನ ವೈದ್ಯಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣಬರುತ್ತಿದೆ. ಶ್ವಾಸನಾಳಗಳು ಕ್ರಮೇಣ ಸಂಕುಚಿತವಾಗಿ, ಗಾಳಿಗೂಡುಗಳು ಶಿಥಿಲವಾಗಿ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ರೋಗಿಯು ಏದುಸಿರು ಬಿಡುವಂತೆ ಮಾಡುವ, ವೈದ್ಯರು ಸಂಕ್ಷೇಪವಾಗಿ ಸಿ.ಒ.ಪಿ.ಡಿ. ಎಂದು ಕರೆಯುವ ವ್ಯಾಧಿಯೇ ಇಲ್ಲಿನ ವಿಷಯ. ರೋಗದ ಸ್ಥಿತಿಯನ್ನು ತಿಳಿಸಬಲ್ಲವೆಂದು ಭಾವಿಸಲಾದ, ರಕ್ತದಲ್ಲಿ ಅಳೆಯಬಹುದಾದ ವಸ್ತುಗಳನ್ನು ರಕ್ತಸೂಚಕಗಳೆಂದು ಕರೆಯೋಣ. ಇತಿಹಾಸವನ್ನು ಬೋಧಿಸುವ ನಾವು ವೈದ್ಯಶಾಸ್ತ್ರದಲ್ಲಿ ತೀರ್ಪು ಕೊಡಲು ಅಧಿಕಾರಿಗಳಲ್ಲ. ಆದರೆ ಸೂಚಕವೆಂಬುದು ಒಂದು ಬಗೆಯ ಸಾಕ್ಷ್ಯ. ಸಾಕ್ಷ್ಯವನ್ನು ಶೋಧಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಇದು ಯಾವುದಕ್ಕೆ ಸಾಕ್ಷಿ, ಯಾವ ಕಾಲದ ಸಾಕ್ಷಿ, ಯಾರ ನಡುವೆ ದೊರೆತ ಸಾಕ್ಷಿ ಎಂಬ ಮೂರು ಪ್ರಶ್ನೆಗಳನ್ನು ಶಾಸನಕ್ಕೆ ಹಾಕುವಂತೆ ರಕ್ತಕ್ಕೂ ಹಾಕಬಹುದೆಂದು ನಮ್ಮ ನಂಬಿಕೆ.

ರಕ್ತಕ್ಕಿಂತ ಮೊದಲು ಸಾಕ್ಷಿಯಾಗಿ ನಿಂತದ್ದು ಉಸಿರು. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ತನ್ನ ಸ್ಪೈರೋಮೀಟರಿನಿಂದ 2,000ಕ್ಕೂ ಹೆಚ್ಚು ಜನರ ಉಸಿರಿನ ಪರಿಮಾಣವನ್ನು ಅಳೆದು ಪ್ರಕಟಿಸಿದನು. ಫ್ರಾನ್ಸಿನ ಟಿಫ್ನೊ ಮತ್ತು ಪಿನೆಲ್ಲಿ 1947ರಲ್ಲಿ ಬಲವಾಗಿ ಬಿಟ್ಟ ಉಸಿರಿನ ಮೊದಲ ಸೆಕೆಂಡಿಗೆ ಮಹತ್ವ ಕೊಟ್ಟರು. ಗೋಲ್ಡ್ ಎಂಬ ಅಂತರರಾಷ್ಟ್ರೀಯ ಸಮಿತಿಯ ಮೊದಲ ವರದಿ 2001ರಲ್ಲಿ ಹೊರಬಂದಿತು. ಆ ಒಂದು ಸೆಕೆಂಡಿನ ಉಸಿರು ನಿರೀಕ್ಷಿತ ಪ್ರಮಾಣದ ಶೇಕಡ 80, 50, 30ರ ಗಡಿಗಳಲ್ಲಿ ಎಲ್ಲಿ ನಿಲ್ಲುತ್ತದೆಂಬುದರ ಮೇಲೆ ರೋಗವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುವ ಪದ್ಧತಿ ಬಳಕೆಗೆ ಬಂದಿತು. ಆದರೆ ಒಂದೇ ದರ್ಜೆಯ ಇಬ್ಬರಲ್ಲಿ ಒಬ್ಬನು ಮೆಟ್ಟಿಲು ಹತ್ತಬಲ್ಲವನಾಗಿ, ಮತ್ತೊಬ್ಬನು ಹಾಸಿಗೆ ಹಿಡಿದಿರುವುದು ಅಪರೂಪವಲ್ಲ. 2011ರ ಪರಿಷ್ಕರಣದಲ್ಲಿ ರೋಗಿಯ ಲಕ್ಷಣಗಳನ್ನೂ ರೋಗದ ಉಲ್ಬಣಗಳನ್ನೂ ಗಣನೆಗೆ ತಂದುದು ಈ ಕೊರತೆಯ ಅಂಗೀಕಾರವೇ ಸರಿ. ಉಸಿರಿನ ಅಳತೆ ಹೇಳದೆ ಬಿಟ್ಟುದನ್ನು ರಕ್ತ ಹೇಳೀತೆ ಎಂಬ ಪ್ರಶ್ನೆ ಹುಟ್ಟಿದ್ದು ಸಹಜವಾಗಿದೆ.

ಈ ಮಾರ್ಗದಲ್ಲಿ ಒಂದು ದೊಡ್ಡ ಜಯವೂ ದೊರೆತಿದೆಯೆಂಬುದನ್ನು ಮರೆಯಲಾಗದು. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಸುಮಾರು 1,500 ರಕ್ತಸಾರಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದು ಪ್ರೋಟೀನಿನ ಪಟ್ಟೆಯೇ ಕಾಣಲಿಲ್ಲ. ಅದು ಶ್ವಾಸಕೋಶದ ತಂತುಗಳನ್ನು ಕಾಪಾಡುವ ಆಲ್ಫಾ-1 ಆಂಟಿಟ್ರಿಪ್ಸಿನ್. ಆ ಐವರಲ್ಲಿ ಮೂವರಿಗೆ ಗಾಳಿಗೂಡುಗಳು ನಾಶವಾಗುವ ಎಂಫೈಸಿಮಾ ಇದ್ದಿತು. ಇಲ್ಲಿ ರಕ್ತವು ರೋಗದ ಕಾರಣಕ್ಕೇ ಸಾಕ್ಷಿಯಾಯಿತು. ಆದರೂ ಉಳಿದ ಇಬ್ಬರನ್ನು ಗಮನಿಸಬೇಕು: ಅದೇ ಕೊರತೆಯಿದ್ದೂ ಅವರಲ್ಲಿ ಆ ರೋಗ ಕಂಡಿರಲಿಲ್ಲ. ಕಾರಣವನ್ನು ಹೇಳುವ ಸಾಕ್ಷಿಯೂ ತೀವ್ರತೆಯನ್ನು ಹೇಳುವುದಿಲ್ಲವೆಂಬುದು ಮೊದಲ ದಿನವೇ ಗೋಚರಿಸಿದ ಸಂಗತಿ.

ಈಗ ಹೆಚ್ಚಾಗಿ ಚರ್ಚೆಯಲ್ಲಿರುವ ಸೂಚಕಗಳು ಬೇರೆ ಜಾತಿಯವು. ಸಿ-ರಿಯಾಕ್ಟಿವ್ ಪ್ರೋಟೀನನ್ನು 1930ರಲ್ಲಿ ನ್ಯೂಯಾರ್ಕಿನ ಟಿಲೆಟ್ ಮತ್ತು ಫ್ರಾನ್ಸಿಸ್ ಕಂಡುಹಿಡಿದದ್ದು ನ್ಯುಮೋನಿಯಾ ರೋಗಿಗಳ ರಕ್ತಸಾರದಲ್ಲಿ. ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ನಿನಂತೆ ಇದೂ ದೇಹದಲ್ಲಿ ಎಲ್ಲಿ ಉರಿಯೂತವಾದರೂ ಏರುತ್ತದೆ. ಕೀಲುನೋವಿನಲ್ಲಿಯೂ ಏರೀತು, ಒಸಡಿನ ಬಾವಿನಲ್ಲಿಯೂ ಏರೀತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಅದರಿಂದ ಅಲ್ಲಿ ರೋಮನರು ಆಳಿದರೆಂದು ಯಾವ ಚರಿತ್ರಕಾರನೂ ಹೇಳುವುದಿಲ್ಲ. ಹಲವು ದಾರಿಗಳಿಂದ ಬರಬಲ್ಲ ವಸ್ತುವು ಒಂದೇ ದಾರಿಗೆ ಪ್ರಮಾಣವಾಗಲಾರದು.

ಈ ಸೂಚಕಗಳನ್ನು ವಿಸ್ತಾರವಾಗಿ ಪರೀಕ್ಷಿಸಿದ ಪ್ರಯತ್ನಗಳಲ್ಲಿ ಎಕ್ಲಿಪ್ಸ್ ಅಧ್ಯಯನ ಮುಖ್ಯವಾದುದು. ಅದು 12 ದೇಶಗಳಲ್ಲಿ 2,000ಕ್ಕೂ ಹೆಚ್ಚು ರೋಗಿಗಳನ್ನು ಮೂರು ವರ್ಷಗಳ ಕಾಲ ಅನುಸರಿಸಿತು. ಅದರ ಆಧಾರದಿಂದ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಆರು ಉರಿಯೂತಸೂಚಕಗಳನ್ನು ಒಟ್ಟಿಗೆ ನೋಡಲಾಯಿತು. ಶೇಕಡ 16ರಷ್ಟು ರೋಗಿಗಳಲ್ಲಿ ಉರಿಯೂತ ನಿರಂತರವಾಗಿದ್ದಿತು. ಶೇಕಡ 30ರಷ್ಟು ಜನರಲ್ಲಿ ಅದರ ಕುರುಹು ಇರಲಿಲ್ಲ. ಮೊದಲ ಗುಂಪಿನಲ್ಲಿ ಶೇಕಡ 13 ಮಂದಿ, ಎರಡನೆಯದರಲ್ಲಿ ಶೇಕಡ 2 ಮಂದಿ ತೀರಿಕೊಂಡರು. ರಕ್ತಸೂಚಕಗಳ ಪರವಾಗಿ ಇದು ಬಲವಾದ ಮಾತು. ಇದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಅದೇ ವಿಶ್ಲೇಷಣೆ ಇನ್ನೊಂದನ್ನೂ ಹೇಳುತ್ತದೆ: ಈ ಎರಡು ಗುಂಪುಗಳ ಶ್ವಾಸಕೋಶಗಳು ಕೆಟ್ಟಿದ್ದುದು ಸುಮಾರು ಒಂದೇ ಪ್ರಮಾಣದಲ್ಲಿ. ಎಂದರೆ ಇಲ್ಲಿ ರಕ್ತವು ಮುಂದಿನ ಅಪಾಯವನ್ನು ಹೇಳಿತೇ ಹೊರತು ಶ್ವಾಸಕೋಶದ ಈಗಿನ ಸ್ಥಿತಿಯನ್ನಲ್ಲ. ರಕ್ತವೊಂದನ್ನೇ ನಂಬುವ ವೈದ್ಯನು ಆ ಶೇಕಡ 30ರಷ್ಟು ಜನರಿಗೆ ನಿಮ್ಮ ರೋಗ ಸೌಮ್ಯವೆಂದು ಹೇಳಿ ಮನೆಗೆ ಕಳುಹಿಸಬೇಕಾದೀತು. ಅವರ ಏದುಸಿರು ಅವರೊಡನೆಯೇ ಮನೆಗೆ ಹೋಗುತ್ತದೆ.

ಎಕ್ಲಿಪ್ಸ್‌ನಿಂದಲೇ 2010ರಲ್ಲಿ ಹೊರಬಂದ ಇನ್ನೊಂದು ನಿರ್ಣಯ ನಮ್ಮಂಥವರ ಗಮನವನ್ನು ವಿಶೇಷವಾಗಿ ಸೆಳೆಯುತ್ತದೆ. ರೋಗವು ಮುಂದೆ ಉಲ್ಬಣಿಸುವುದೇ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ತಿಳಿಸಿದ್ದು ಹಿಂದೆ ಉಲ್ಬಣಿಸಿತ್ತೇ ಎಂಬ ವೃತ್ತಾಂತ. ಕಳೆದ ವರ್ಷ ಎಷ್ಟು ಸಲ ಕಾಯಿಲೆ ಹೆಚ್ಚಾಯಿತೆಂದು ರೋಗಿಯನ್ನು ಕುಳ್ಳಿರಿಸಿ ಕೇಳುವುದಕ್ಕೆ ಯಂತ್ರ ಬೇಕಿಲ್ಲ, ವ್ಯವಧಾನ ಬೇಕು.

ಸೂಚಕಗಳಿಗೆ ದೊರೆತ ಅಧಿಕೃತ ಮನ್ನಣೆಯ ಮೇರೆಯನ್ನೂ ತಿಳಿದಿರಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ. 2015ರಲ್ಲಿ ಫೈಬ್ರಿನೋಜನ್ನನ್ನು ಅಂಗೀಕರಿಸಿದ್ದು ನಿಜ. ಆದರೆ ಔಷಧಪ್ರಯೋಗಗಳಿಗೆ ಉಲ್ಬಣದ ಅಥವಾ ಮರಣದ ಸಂಭವ ಹೆಚ್ಚಿರುವವರನ್ನು ಆರಿಸಿಕೊಳ್ಳುವುದಕ್ಕೆ ಮಾತ್ರ ಆ ಅಂಗೀಕಾರ. ಗುಂಪಿನ ವಿಷಯದಲ್ಲಿ ಸಲ್ಲುವ ಮಾತನ್ನು ಎದುರಿಗೆ ಕುಳಿತ ಒಬ್ಬನ ಮೇಲೆ ಹೇರುವುದು ಜನಗಣತಿಯನ್ನು ಓದಿ ಒಬ್ಬನ ಜೀವನಚರಿತ್ರೆ ಬರೆದಂತೆ. ಇದಕ್ಕೆ ಪ್ರತಿಯಾಗಿ ಇಯೋಸಿನೋಫಿಲ್ ಎಂಬ ರಕ್ತಕಣಗಳ ಎಣಿಕೆ ಚಿಕಿತ್ಸೆಯಲ್ಲಿ ನೆಲೆ ಕಂಡಿದೆ. 2019ರ ಗೋಲ್ಡ್ ವರದಿಯ ಪ್ರಕಾರ, ಉಲ್ಬಣಗಳಿಗೆ ಈಡಾಗುವ ರೋಗಿಯ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಇವು 300ಕ್ಕಿಂತ ಕಡಿಮೆಯಿಲ್ಲದಿದ್ದರೆ ಸೇದುವ ಸ್ಟೀರಾಯ್ಡಿನಿಂದ ಉಪಯೋಗ ಸಂಭವನೀಯ. 100ಕ್ಕಿಂತ ಕಡಿಮೆಯಿದ್ದರೆ ಉಪಯೋಗ ವಿರಳ. ಇಲ್ಲಿ ಕೇಳಿದ ಪ್ರಶ್ನೆ ಚಿಕ್ಕದು, ಸಾಕ್ಷಿಗೆ ತಿಳಿದಿರುವುದೂ ಅಷ್ಟೇ.

ಕಡೆಯ ಪ್ರಶ್ನೆ, ಸಾಕ್ಷ್ಯ ಯಾರ ನಡುವೆ ದೊರೆತದ್ದೆಂಬುದು. ಎಕ್ಲಿಪ್ಸ್‌ನ ರೋಗಿಗಳು ಧೂಮಪಾನಿಗಳು ಅಥವಾ ಹಿಂದೆ ಧೂಮಪಾನ ಮಾಡಿದವರು. ಆ 12 ದೇಶಗಳಲ್ಲಿ ಭಾರತವಿರಲಿಲ್ಲ. ನಮ್ಮಲ್ಲಾದರೋ ಬೀಡಿಯನ್ನು ಕೈಯಿಂದಲೂ ಮುಟ್ಟದೆ ಸೌದೆ ಒಲೆಯ ಹೊಗೆಯಲ್ಲಿ ಆಯುಷ್ಯ ಸವೆಸಿದ ಹೆಂಗಸರಿಗೂ ಈ ವ್ಯಾಧಿ ಬರುತ್ತದೆ. ಸ್ಪೈರೋಮೀಟರೂ ಅದನ್ನು ನಡೆಸಬಲ್ಲವರೂ ಇಲ್ಲದ ಊರಿನಲ್ಲಿ ಒಂದು ಸಿರಿಂಜು ರಕ್ತ ತೆಗೆಯುವುದು ಸುಲಭ. ಆದ್ದರಿಂದಲೇ ಈ ಪರೀಕ್ಷೆಗಳ ಆಕರ್ಷಣೆ ನಮ್ಮಲ್ಲಿ ಹೆಚ್ಚು. ಆದರೆ ಪರದೇಶದ ಧೂಮಪಾನಿಯ ರಕ್ತದಿಂದ ಗೊತ್ತುಮಾಡಿದ ಗಡಿಯನ್ನು ಇಲ್ಲಿ ಶೋಧಿಸದೆ ಈ ಹೆಂಗಸರಿಗೆ ಅನ್ವಯಿಸುವುದು ಒಂದು ನಾಡಿನ ಶಾಸನದಿಂದ ಇನ್ನೊಂದು ನಾಡಿನ ಕಂದಾಯವನ್ನು ಲೆಕ್ಕಹಾಕಿದಂತಾದೀತು.

ರಕ್ತಸೂಚಕಗಳ ಶೋಧನೆ ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದು ಇನ್ನೂ ಬೆಳೆಯಲಿ. ಉಸಿರಿನ ಅಳತೆ, ನಡೆಯುವ ಶಕ್ತಿ, ಹಿಂದಿನ ಉಲ್ಬಣಗಳ ವೃತ್ತಾಂತ ಇವುಗಳ ಜೊತೆಗೆ ರಕ್ತದ ಮಾತನ್ನೂ ಕೇಳಬೇಕು, ಒಂದರಿಂದ ಇನ್ನೊಂದನ್ನು ತಾಳೆನೋಡಬೇಕು. ಸೂಚಕವೊಂದನ್ನು ಮುಂದಿಡುವ ಸಂಶೋಧಕರು ಅದು ಕಾರಣವನ್ನು ಹೇಳುತ್ತದೆಯೋ, ಈಗಿನ ಸ್ಥಿತಿಯನ್ನು ಹೇಳುತ್ತದೆಯೋ, ಮುಂದಿನ ಅಪಾಯವನ್ನು ಹೇಳುತ್ತದೆಯೋ ಎಂಬುದನ್ನು ಮೊದಲ ಪುಟದಲ್ಲಿಯೇ ಸ್ಪಷ್ಟಪಡಿಸಿದರೆ ಓದುಗರಿಗೂ ಉಪಕಾರ, ರೋಗಿಗಳಿಗೆ ಅದಕ್ಕಿಂತ ಹೆಚ್ಚಿನ ಉಪಕಾರ.