ಕಾವ್ಯದ ಓದಿನಿಂದ ಮೆದುಳಿನ ಓದಿಗೆ

ಸಾಹಿತ್ಯದ ಓದು ಬದುಕಿನಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂಬ ಪ್ರಶ್ನೆ ಹಳೆಯದು. ಅದಕ್ಕೆ ಸಾಹಿತಿಗಳು ಕೊಡುವ ಉತ್ತರವನ್ನು ಲೋಕ ಅಷ್ಟಾಗಿ ನಂಬುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಕ್ಕು ಸುಮ್ಮನಾಗುತ್ತದೆ. ಆದರೆ ಸಾಹಿತ್ಯದ ಅಧ್ಯಾಪಕಿಯೊಬ್ಬರು ಆ ಕೆಲಸವನ್ನು ಬಿಟ್ಟು ವೈದ್ಯಶಾಸ್ತ್ರಕ್ಕೆ ಹೋಗಿ, ಮೆದುಳಿನ ಚಿತ್ರಗಳನ್ನು ಅಭ್ಯಸಿಸುವ ಮನೋವೈದ್ಯರಲ್ಲಿ ಅಗ್ರಗಣ್ಯರೆನಿಸಿಕೊಂಡರೆ, ಅವರ ಬರಹಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾದೀತು. ಅಮೆರಿಕದ ನ್ಯಾನ್ಸಿ ಆಂಡ್ರಿಯಾಸೆನ್ ಅಂಥವರು.

1938ರಲ್ಲಿ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದಲ್ಲಿ ಹುಟ್ಟಿದ ಈಕೆ 1963ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು, ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದರು. 1964ರಲ್ಲಿ ಚೊಚ್ಚಲ ಹೆರಿಗೆಯಾದ ಮೇಲೆ ಬಾಣಂತಿ ನಂಜು ತಗುಲಿತು. ಹಿಂದಿನ ಕಾಲವಾಗಿದ್ದರೆ ಪ್ರಾಣವೇ ಹೋಗಬಹುದಾಗಿದ್ದ ಕಾಯಿಲೆ ಅದು, ಔಷಧಿಯಿಂದ ಬದುಕಿದರು. ಆಗ ಕವಿ ಜಾನ್ ಡನ್‌ನನ್ನು ಕುರಿತ ಅವರ ಗ್ರಂಥ ಸಿದ್ಧವಾಗುತ್ತಿತ್ತು. ಈ ಗ್ರಂಥದಿಂದ ಯಾರ ನೋವು ಕಡಮೆಯಾದೀತು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1967ರಲ್ಲಿ ಗ್ರಂಥವೇನೋ ಪ್ರಕಟವಾಯಿತು. ಆದರೆ ಗ್ರಂಥಕರ್ತೃ ವೈದ್ಯವಿದ್ಯಾರ್ಥಿನಿಯಾದರು. 1970ರಲ್ಲಿ ವೈದ್ಯಪದವಿ ಬಂದಿತು. ಅನಂತರ ಮನೋವೈದ್ಯದ ತರಬೇತಿ, ಮತ್ತೆ ಅಯೋವಾದಲ್ಲಿಯೇ ಸಂಶೋಧನೆ.

ಸಾಹಿತ್ಯವನ್ನು ಬಿಟ್ಟರೆಂದರೂ ಓದುವ ರೀತಿಯನ್ನು ಅವರು ಬಿಡಲಿಲ್ಲ. ಸ್ಕಿಜೋಫ್ರೀನಿಯಾ ರೋಗಿಗಳ ಮಾತು ಎಲ್ಲಿಂದ ಎಲ್ಲಿಗೋ ಹಾರುತ್ತದೆ. ಇದನ್ನು ವೈದ್ಯರು ‘ಆಲೋಚನೆಯ ಅಸ್ತವ್ಯಸ್ತತೆ’ ಎಂದು ಒಂದೇ ಮಾತಿನಲ್ಲಿ ಬರೆದಿಟ್ಟು ಮುಂದೆ ಹೋಗುತ್ತಿದ್ದರು. ನಮಗೆ ಕೇಳಿಸುವುದು ಆಲೋಚನೆಯಲ್ಲ, ಮಾತು; ಆದ್ದರಿಂದ ಮಾತನ್ನೇ ಮೊದಲು ನೋಡೋಣ ಎಂದು ಆಂಡ್ರಿಯಾಸೆನ್ ಹೊರಟರು. ಹಳಿ ತಪ್ಪುವ ಮಾತು, ಪ್ರಶ್ನೆಗೆ ಓರೆಯಾಗಿ ಬರುವ ಉತ್ತರ, ಪ್ರಾಸಕ್ಕಾಗಿ ಜೋಡಿಯಾದ ಪದಗಳು, ಧಾರಾಳವಾಗಿದ್ದರೂ ಒಳಗೆ ಸತ್ತ್ವವಿಲ್ಲದ ಮಾತು ಇವನ್ನೆಲ್ಲ ಬೇರೆ ಬೇರೆಯಾಗಿ ಹೆಸರಿಸಿ 1979ರಲ್ಲಿ ಅಳತೆಗೋಲೊಂದನ್ನು ಪ್ರಕಟಿಸಿದರು. ಅಲಂಕಾರಶಾಸ್ತ್ರ ಬಲ್ಲವರ ಕಿವಿ ಇದರ ಹಿಂದೆ ಕೆಲಸ ಮಾಡಿದೆಯೆಂಬುದು ಸ್ಪಷ್ಟ. 1983ರಲ್ಲಿ ಇನ್ನೂ ಮುಂದೆ ಹೋದರು. ಇಲ್ಲದ ದನಿಗಳು ಕೇಳಿಸುವುದು, ಇಲ್ಲದ ಸಂಶಯ ಬೇರೂರುವುದು ಎಲ್ಲರ ಕಣ್ಣಿಗೂ ಬೀಳುವ ಲಕ್ಷಣಗಳು. ಮಾತು ಬತ್ತುವುದು, ಮುಖದ ಭಾವ ಅಳಿಸಿಹೋಗುವುದು, ಯಾವುದರಲ್ಲಿಯೂ ಇಚ್ಛೆಯಿಲ್ಲದಿರುವುದು ಇವು ಗದ್ದಲ ಮಾಡದ ಲಕ್ಷಣಗಳು. ಮನೆಯವರು ಸೋಮಾರಿತನವೆಂದು ಬೈಯುವ ಈ ಮೌನವನ್ನು ರೋಗದ ಒಂದು ತಿರುಳೆಂದು ಗುರುತಿಸಿ ಅದಕ್ಕೂ ಅಳತೆ ಒದಗಿಸಿದ್ದು ಆಕೆಯ ದೊಡ್ಡ ಸೇವೆ.

ಸಾಮಾನ್ಯ ವಾಚಕರಿಗೆ ಈಕೆಯ ಹೆಸರು ಪರಿಚಯವಾದದ್ದು 1984ರ ‘ದ ಬ್ರೋಕನ್ ಬ್ರೇನ್’ ಎಂಬ ಪುಸ್ತಕದಿಂದ. ‘ಮುರಿದ ಮೆದುಳು’ ಎಂಬ ಹೆಸರೇ ಪುಸ್ತಕದ ಸಾರ: ಹುಚ್ಚು ಶಾಪವಲ್ಲ, ನಡತೆಗೇಡಲ್ಲ, ಮೆದುಳಿನ ಕಾಯಿಲೆ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಎಷ್ಟೋ ಮನೋವೈದ್ಯರು ಸ್ಕಿಜೋಫ್ರೀನಿಯಾಕ್ಕೆ ತಾಯಿ ಮಗುವನ್ನು ಬೆಳೆಸಿದ ರೀತಿಯೇ ಕಾರಣವೆಂದು ಹೇಳುತ್ತಿದ್ದರು. ಮಗನ ಮನಸ್ಸು ಕೆಟ್ಟ ದುಃಖದ ಮೇಲೆ, ಕೆಡಿಸಿದವಳು ನೀನೇ ಎಂಬ ಆರೋಪವನ್ನೂ ತಾಯಿ ಹೊರಬೇಕಾಗಿತ್ತು. ಆ ಹೊರೆಯನ್ನು ಇಳಿಸಿದ ಪುಸ್ತಕಗಳಲ್ಲಿ ಇದೂ ಒಂದು. ಶೈಲಿ ತಿಳಿಯಾದದ್ದು, ಕನಿಕರ ನಿಜವಾದದ್ದು.

ಆದರೂ ಆ ರೂಪಕದ ವಿಷಯದಲ್ಲಿ ಎಚ್ಚರ ಅಗತ್ಯ. ಮುರಿದದ್ದು ಎಂದೊಡನೆ, ಎಲ್ಲಿ ಮುರಿದಿದೆ ತೋರಿಸಿ ಎಂದು ಕೇಳುವುದು ಸಹಜ. ರೋಗಿಗಳಲ್ಲಿ ಮೆದುಳಿನೊಳಗಿನ ದ್ರವಕೋಶಗಳು ಸರಾಸರಿಯಲ್ಲಿ ಹಿಗ್ಗಿರುತ್ತವೆಂದು 1976ರಲ್ಲಿ ಇಂಗ್ಲೆಂಡಿನ ಸಂಶೋಧಕರು ಸಿ.ಟಿ. ಚಿತ್ರಗಳಿಂದ ತೋರಿಸಿದ್ದರು. ಇನ್ನೂ ಸ್ಫುಟವಾದ ಎಂ.ಆರ್.ಐ. ಚಿತ್ರಗಳಿಂದ ಈ ರೋಗವನ್ನು ಅಳೆದವರಲ್ಲಿ ಆಂಡ್ರಿಯಾಸೆನ್ ಮೊದಲಿಗರ ಸಾಲಿನವರು. 1986ರಲ್ಲಿ ಅವರ ಲೇಖನ ಬಂದಿತು. ಆದರೆ ಸರಾಸರಿಯ ಮಾತು ಗುಂಪಿಗೆ ಸಲ್ಲುತ್ತದೆ, ಒಬ್ಬ ರೋಗಿಗೆ ಸಲ್ಲುವುದಿಲ್ಲ. ಎಷ್ಟೋ ರೋಗಿಗಳ ಮೆದುಳು ಆರೋಗ್ಯವಂತರದರಂತೆಯೇ ಕಾಣುತ್ತದೆ. ಬರಿಯ ಚಿತ್ರವನ್ನು ನೋಡಿ ಸ್ಕಿಜೋಫ್ರೀನಿಯಾ ಎಂದು ನಿರ್ಣಯಿಸುವುದು ಇಂದಿಗೂ ಸಾಧ್ಯವಾಗಿಲ್ಲ. ಆ ಮಟ್ಟಿಗೆ 1984ರ ಪುಸ್ತಕ ಸಾರಿದ ಕ್ರಾಂತಿ ಕನ್ನಡಿಯೊಳಗಿನ ಗಂಟಾಗಿಯೇ ಉಳಿದಿದೆ.

ಸಾಹಿತ್ಯಪ್ರಿಯರು ಹೆಚ್ಚಾಗಿ ಉದಾಹರಿಸುವುದು 1987ರ ಲೇಖನವನ್ನು. ಅಯೋವಾದ ಪ್ರಸಿದ್ಧ ಲೇಖಕರ ಶಿಬಿರದ 30 ಮಂದಿಯನ್ನೂ ಬೇರೆ ವೃತ್ತಿಗಳ 30 ಮಂದಿಯನ್ನೂ ಮಾತನಾಡಿಸಿ ಹೋಲಿಸಿದ ಅಧ್ಯಯನವದು. ಲೇಖಕರಲ್ಲಿ ಸ್ಕಿಜೋಫ್ರೀನಿಯಾದ ಛಾಯೆ ಕಂಡೀತೆಂದು ಆಕೆ ಊಹಿಸಿದ್ದರು. ಕಂಡದ್ದು ಖಿನ್ನತೆ, ಉನ್ಮಾದಗಳು. ಲೇಖಕರಲ್ಲಿ ನೂರಕ್ಕೆ 80, ಉಳಿದವರಲ್ಲಿ ನೂರಕ್ಕೆ 30. ಊಹೆ ಸುಳ್ಳಾದುದನ್ನು ಮುಚ್ಚಿಡದಿದ್ದದ್ದು ಮೆಚ್ಚತಕ್ಕದ್ದು. ಆದರೆ ಮಾದರಿ ಚಿಕ್ಕದು, ಒಂದೇ ಊರಿನದು. ಯಾರು ಲೇಖಕರು, ಯಾರು ಅಲ್ಲ ಎಂದು ಪ್ರಶ್ನೆ ಕೇಳುವವರಿಗೆ ಮೊದಲೇ ಗೊತ್ತು. ಇಷ್ಟರ ಮೇಲೆ ಪ್ರತಿಭೆಗೂ ಹುಚ್ಚಿಗೂ ನಂಟು ಕಟ್ಟುವುದು ಅವಸರ. ಈ ನಂಟಿನ ಮಾತನ್ನು ನಾವು ಇಷ್ಟಪಟ್ಟು ನಂಬುತ್ತೇವೆ. ಇಷ್ಟವಾದ ಮಾತಿಗೆ ಆಧಾರವನ್ನು ಹೆಚ್ಚು ಕಟ್ಟುನಿಟ್ಟಾಗಿ ಕೇಳಬೇಕು.

ಈಕೆಯ ನಿಜವಾದ ಸತ್ತ್ವ ಕಾಣುವುದು ತಮ್ಮ ಕೆಲಸವನ್ನು ತಾವೇ ವಿಮರ್ಶಿಸಿಕೊಂಡ ಎರಡು ಸಂದರ್ಭಗಳಲ್ಲಿ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ರೋಗನಿರ್ಣಯದ ಕೈಪಿಡಿಯನ್ನು ರಚಿಸಿದವರಲ್ಲಿ ಆಕೆಯೂ ಒಬ್ಬರು. ವೈದ್ಯನಿಂದ ವೈದ್ಯನಿಗೆ ನಿರ್ಣಯ ಬದಲಾಗಬಾರದೆಂದು ಲಕ್ಷಣಗಳ ಪಟ್ಟಿ ಮಾಡಿದ್ದರು. ಆದರೆ ಪಟ್ಟಿ ಕೈಗೆ ಬಂದ ಮೇಲೆ ರೋಗಿಯ ಕತೆಯನ್ನು ಕೇಳುವ ವ್ಯವಧಾನ ಹೋಯಿತು. 2007ರ ಲೇಖನದಲ್ಲಿ, ನಾವು ಎಣಿಸದ ಫಲ ಇದು, ರೋಗಿಯ ಅನುಭವವನ್ನು ಕೂಲಂಕಷವಾಗಿ ಅರಿಯುವ ವಿದ್ಯೆಯೇ ಸತ್ತಿತು ಎಂದು ಆಕೆ ಕೊರಗಿದರು.

ಎರಡನೆಯದು ಇನ್ನೂ ಕಠಿಣ. 211 ರೋಗಿಗಳ ಮೆದುಳಿನ ಚಿತ್ರಗಳನ್ನು ಸರಾಸರಿ ಏಳು ವರ್ಷಕ್ಕೂ ಮೀರಿ ಮತ್ತೆ ಮತ್ತೆ ತೆಗೆದು ನೋಡಿದಾಗ, ಔಷಧಿಯ ಪ್ರಮಾಣ ಹೆಚ್ಚಾಗಿದ್ದವರಲ್ಲಿ ಮೆದುಳಿನ ಅಂಗಾಂಶ ಹೆಚ್ಚು ಕುಗ್ಗಿದ್ದು ಕಂಡಿತು. ರೋಗವನ್ನು ಮೆದುಳಿಗೆ ಸೇರಿಸಿ ಔಷಧಿಗೆ ದಾರಿ ಮಾಡಿದವರಿಗೆ ಇದು ಹಿತವಾದ ಸಂಗತಿಯಲ್ಲ. ಬೇಕಾದವರೂ ಔಷಧಿ ಬಿಟ್ಟಾರೆಂಬ ಭಯದಿಂದಲೂ, ಖಚಿತವಾಗಲೆಂದೂ ಒಂದೆರಡು ವರ್ಷ ತಡೆದು, ಕೊನೆಗೆ 2011ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದರು. ಔಷಧಿಯೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಔಷಧಿಯನ್ನು ನಿಲ್ಲಿಸಿರೆಂದು ಅವರು ಹೇಳಲೂ ಇಲ್ಲ. ಗುಣ ಕೊಡುವ ಅತಿ ಕಡಮೆ ಪ್ರಮಾಣ ಸಾಕು ಎಂಬುದೇ ಅದರ ತಾತ್ಪರ್ಯ.

2000ದ ಸಾಲಿನ ರಾಷ್ಟ್ರೀಯ ವಿಜ್ಞಾನ ಪದಕ ಇವರಿಗೆ ಸಂದಿತು. ಆ ಗೌರವ ಯಂತ್ರದ ಕೆಲಸಕ್ಕೆ ಬಂದಿರಬಹುದು. ನಮ್ಮ ಮಟ್ಟಿಗೆ ಈಕೆ ಮುಖ್ಯರಾಗುವುದು ಬೇರೆ ಕಾರಣಕ್ಕೆ. ಒಳ್ಳೆಯ ಓದುಗ ತನ್ನ ಮೊದಲ ಅರ್ಥಕ್ಕೆ ಜೋತುಬೀಳುವುದಿಲ್ಲ. ಮತ್ತೆ ಓದುತ್ತಾನೆ, ತಪ್ಪಿದ್ದರೆ ತಿದ್ದುತ್ತಾನೆ. ಮೆದುಳಿನ ಚಿತ್ರವನ್ನು ಆಕೆ ಹಾಗೆ ಓದಿದರು. ಡನ್‌ನ ಮೇಲಿನ ತಮ್ಮ ಗ್ರಂಥದಲ್ಲಿ ಆ ಕವಿಯನ್ನು ‘ಸಂಪ್ರದಾಯಶೀಲ ಕ್ರಾಂತಿಕಾರ’ ಎಂದು ಕರೆದಿದ್ದರು. ಹೊಸ ಯಂತ್ರವನ್ನು ತಂದು, ರೋಗಿಯ ಮಾತಿಗೆ ಕಿವಿಗೊಡುವ ಹಳೆಯ ಧರ್ಮವನ್ನು ಬಿಡಬೇಡಿರೆಂದು ಹೇಳಿದ ಆಕೆಗೂ ಆ ಬಿರುದು ಸಲ್ಲುತ್ತದೆ.