ಘಟ್ಟದ ದಾರಿಗೆ ಕಟ್ಟಿದ ಮದ್ದಿನ ಗಂಟು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜಲಪಾತಗಳನ್ನೂ ಕಾಡುಗಳನ್ನೂ ನೋಡಲೆಂದು ಹೊರಟವರು ಈಚೆಗೆ ಔಷಧದಂಗಡಿಯಿಂದ ಕೊಂಡು ತರುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ, ಇದೇ ಸೀಮೆಯ ಮನೆಗಳಲ್ಲಿ ಪ್ರಯಾಣಕ್ಕೆ ಹೊರಟವರ ಕೈಗೆ ಹಿರಿಯರು ಕಟ್ಟಿಕೊಡುತ್ತ ಬಂದಿರುವ ಮದ್ದಿನ ಗಂಟೂ ಒಂದೇ ಉದ್ದೇಶದಿಂದ ಹುಟ್ಟಿದವುಗಳಾದರೂ, ಅವುಗಳ ಗುಣದೋಷಗಳು ಬೇರೆಬೇರೆಯಾಗಿವೆ. ಇವನ್ನು ಒರೆಗೆ ಹಚ್ಚುವುದಕ್ಕೆ ನನಗೆ ಯುಕ್ತವೆಂದು ತೋರುವ ಮಾನದಂಡ ಒಂದೇ: ಗಾಯವಾದ ಗಳಿಗೆಯಿಂದ ವೈದ್ಯನ ಮುಂದೆ ನಿಲ್ಲುವ ಗಳಿಗೆಯವರೆಗಿನ ಕಾಲವನ್ನು ಹೆಚ್ಚಿನ ಕೇಡಿಲ್ಲದೆ ದಾಟಿಸುವ ಶಕ್ತಿ ಯಾವುದಕ್ಕೆ ಎಷ್ಟಿದೆ ಎಂಬುದು. ಈ ಸೀಮೆಯಲ್ಲಿ ಆ ಕಾಲವು ದೀರ್ಘವಾದುದು. ಸಾತೊಡ್ಡಿ ಜಲಪಾತದಿಂದ ಯಲ್ಲಾಪುರಕ್ಕೆ ಸುಮಾರು 30 ಕಿಲೋಮೀಟರ್ ದೂರ. ಉಂಚಳ್ಳಿಯಲ್ಲಿ ಕಾಲು ಉಳುಕಿಸಿಕೊಂಡವನು ಮೊದಲು ಕಾಡಿನ ಮೆಟ್ಟಿಲುಗಳನ್ನು ಏರಿ ಬಂದು, ಆಮೇಲಷ್ಟೆ ಸಿದ್ದಾಪುರಕ್ಕೋ ಶಿರಸಿಗೋ ವಾಹನ ಹಿಡಿಯಬೇಕು. ಅಲ್ಲಿಯ ಚಿಕಿತ್ಸೆಯನ್ನು ಮೀರಿದ ಅಪಾಯವಾದರೆ ಶಿರಸಿಯಿಂದ ಹುಬ್ಬಳ್ಳಿಗೆ ಮತ್ತೆ 100 ಕಿಲೋಮೀಟರ್. 2008ರಿಂದ ರಾಜ್ಯದಲ್ಲಿ 108ರ ಆಂಬುಲೆನ್ಸ್ ಇದೆಯೆಂಬುದು ನಿಜ. ಆದರೆ ಆ ಮೂರು ಅಂಕೆಗಳನ್ನು ಒತ್ತಿದರೂ ಕರೆ ಹೋಗದ ಕಣಿವೆಗಳು ಇಲ್ಲಿ ಬೇಕಾದಷ್ಟಿವೆ.

1888ರಲ್ಲಿ ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯು ರೈಲುದಾರಿಯ ಕೆಲಸಗಾರರಿಗಾಗಿ ಇಂಥ ಪೆಟ್ಟಿಗೆಗಳನ್ನು ಮೊದಲು ಮಾರಾಟಕ್ಕಿಟ್ಟಾಗ, ವೈದ್ಯರಿಂದ ಬಹುದೂರದಲ್ಲಿ ನಡೆಯುವ ಒಂದು ನಿರ್ದಿಷ್ಟ ಕಸುಬೂ ಅದರ ನಿರ್ದಿಷ್ಟ ಅಪಾಯಗಳೂ ಆ ಸಂಸ್ಥೆಯ ಕಣ್ಣಮುಂದೆ ಇದ್ದವು. ಇಂದಿನ ಪೆಟ್ಟಿಗೆಯಲ್ಲಿ ಆ ದೃಷ್ಟಿಯೇ ಲೋಪವಾಗಿದೆ. ಅಂಟುಪಟ್ಟಿ, ಹತ್ತಿ, ಗಾಜ್ ಬಟ್ಟೆಯ ಸುರುಳಿ, ಅಯೋಡಿನ್ ಮುಲಾಮು, ಮೊಂಡಾದೊಂದು ಕತ್ತರಿ, ಇವಿಷ್ಟೂ ಕಚೇರಿಯ ಗೋಡೆಗೆ ಸಾಕಾದಾವು. ಜುಲೈ ತಿಂಗಳ ಶಿರಸಿಯಲ್ಲಿ ಎರಡು ದಿನ ಇಟ್ಟರೆ ಅದರ ಹತ್ತಿಯು ಹಸಿಯಾಗಿ, ಪಟ್ಟಿಯ ಅಂಟು ಬಿಟ್ಟು, ಬೆವರೊರೆಸುವುದಕ್ಕೂ ಒದಗದಂತಾಗುತ್ತದೆ. ಗಟ್ಟಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಎಲ್ಲವನ್ನೂ ವರ್ಗಾಯಿಸುವುದೇ ಮಳೆಗಾಲದ ಮೊದಲ ಕರ್ತವ್ಯವು.

ಉಂಬಳದ (ನೆಲದ ಜಿಗಣೆಯ) ವಿಷಯದಲ್ಲಿ ಪೇಟೆಯ ಪೆಟ್ಟಿಗೆಗೆ ಯಾವ ತಿಳಿವಳಿಕೆಯೂ ಇಲ್ಲ. ತೋಟದ ಕೆಲಸಕ್ಕೆ ಹೋಗುವ ಇಲ್ಲಿಯವನ ಸೊಂಟದಲ್ಲಿರುವ ಕವಳದ ಸಂಚಿಯೇ ಆ ಮಟ್ಟಿಗೆ ಅದಕ್ಕಿಂತ ಶ್ರೇಷ್ಠವಾದ ಪೆಟ್ಟಿಗೆ: ಅದರೊಳಗಿನ ಸುಣ್ಣವನ್ನೋ ತಂಬಾಕಿನ ಎಸಳನ್ನೋ ಬೆರಳ ತುದಿಯಿಂದ ಸೋಕಿಸಿದೊಡನೆ ಉಂಬಳವು ಮುದುರಿಕೊಂಡು ಕೆಳಗೆ ಬೀಳುತ್ತದೆ. ಆದರೂ ಈ ಕ್ರಮವನ್ನು ನಾನು ಪೂರ್ಣವಾಗಿ ಮೆಚ್ಚಲಾರೆ. ಕಚ್ಚಿ ಹಿಡಿದಿರುವಾಗಲೇ ಕೆರಳಿಸಿದ ಉಂಬಳವು ತನ್ನ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕುವ ಸಂಭವವಿರುವುದರಿಂದ, ಅದರ ಸಪೂರವಾದ ಬಾಯಿಯ ತುದಿಯ ಕೆಳಗೆ ಉಗುರನ್ನು ಮೆಲ್ಲನೆ ತೂರಿಸಿ ಬಿಡಿಸುವುದೇ ಲೇಸು. ಸುಣ್ಣ, ತಂಬಾಕು, ಉಪ್ಪುಗಳ ಸ್ಥಾನವು ಗಾಯದ ಮೇಲಲ್ಲ, ಹೊರಡುವುದಕ್ಕೆ ಮುಂಚೆ ಕಾಲುಚೀಲದ ಮೇಲೆ. ಉಂಬಳದ ಎಂಜಲಿನಲ್ಲಿ ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್‌ನಂಥ ದ್ರವ್ಯವಿರುವ ಕಾರಣ ನೆತ್ತರು ಬಹಳ ಹೊತ್ತು ಒಸರುವುದು ಸಹಜ. ಹೆದರದೆ ತೊಳೆದು, ಒಣಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು.

ಮಳೆ ನಿಂತು ಉಂಬಳವು ಮರೆಯಾಗುವ ವೇಳೆಗೆ ಉಣುಗಿನ ಕಾಲ ಬರುತ್ತದೆ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯು ಸಿದ್ದಾಪುರದ ಹಳ್ಳಿಗಳಲ್ಲಿ ಈಚಿನ ವರ್ಷಗಳಲ್ಲಿಯೂ ಜೀವಗಳನ್ನು ಬಲಿ ತೆಗೆದುಕೊಂಡಿದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಆದುದರಿಂದ ಈ ಕಾಲದ ಪೆಟ್ಟಿಗೆಯು ಮಳೆಗಾಲದ ಪೆಟ್ಟಿಗೆಯಾಗಿರಕೂಡದು. ಚೂಪುಮೂತಿಯ ಚಿಮಟವೊಂದು ಇರಲೇಬೇಕು: ಚರ್ಮಕ್ಕೆ ಆದಷ್ಟು ಸಮೀಪದಲ್ಲಿ ಉಣುಗನ್ನು ಹಿಡಿದು, ಹಿಸುಕದೆ, ತಿರುಚದೆ, ನೇರವಾಗಿ ಮೇಲಕ್ಕೆಳೆಯಬೇಕು, ಸೀಮೆಎಣ್ಣೆ ಸುರಿಯುವುದೂ ಬೀಡಿಯ ಕೆಂಡ ತಾಗಿಸುವುದೂ ಹಾನಿಕರ. ಆರೋಗ್ಯ ಇಲಾಖೆಯವರು ಊರವರಿಗೆ ಹಂಚುವ, ಉಣುಗನ್ನು ದೂರವಿಡುವ ಡೆಪಾ ತೈಲವನ್ನು ಕಾಡು ಹೊಗುವ ಮುನ್ನ ಕೈಕಾಲುಗಳಿಗೆ ಹಚ್ಚಿಕೊಳ್ಳುವುದು ವಿಹಿತ. ಜ್ವರಕ್ಕೆಂದು ಇಡುವ ಗುಳಿಗೆಯು ಪ್ಯಾರಾಸಿಟಮಾಲ್ ಮಾತ್ರವೇ ಆಗಿರತಕ್ಕದ್ದು. ಮೈನೋವಿಗೆಂದು ಎಲ್ಲರೂ ನುಂಗುವ ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವವನ್ನು ಹೆಚ್ಚಿಸುವಂಥವಾದ್ದರಿಂದ ಮಂಗನ ಕಾಯಿಲೆಯಲ್ಲಿಯೂ ಡೆಂಗಿಯಲ್ಲಿಯೂ ಅಪಾಯಕಾರಿಗಳು. ಇನ್ನೊಂದು ಸಂಗತಿಯನ್ನು ಯಾವ ಪೆಟ್ಟಿಗೆಯೂ ಯೋಚಿಸಿದಂತಿಲ್ಲ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳ ತರುವಾಯ ಜ್ವರ ಕಾಣಿಸುತ್ತದೆ; ಅಷ್ಟರಲ್ಲಿ ಪ್ರವಾಸಿಯು ಬೆಂಗಳೂರಿನ ತನ್ನ ಮನೆಯಲ್ಲಿರುತ್ತಾನೆ. ಅಲ್ಲಿಯ ವೈದ್ಯರಿಗೆ ಈ ಕಾಡು ನೆನಪಾಗಲು ಕಾರಣವೇ ಇರುವುದಿಲ್ಲ. ಯಾವ ದಿನ ಯಾವ ಕಾಡಿನಲ್ಲಿ ತಿರುಗಿದೆವೆಂದು ಬರೆದಿಟ್ಟ ಒಂದು ಚೀಟಿ ಆಗ ಔಷಧಕ್ಕಿಂತ ಮೊದಲು ಕೆಲಸಕ್ಕೆ ಬರುವುದು.

ಹಾವಿನ ಕಡಿತದ ವಿಷಯದಲ್ಲಿ ಪೇಟೆಯೂ ಮನೆಯೂ ಸಮಾನವಾಗಿ ತಪ್ಪಿವೆ. ಬಿಗಿಯಾಗಿ ಕಟ್ಟುವ ಹಗ್ಗವನ್ನಾಗಲಿ, ಗಾಯವನ್ನು ಕೊಯ್ಯುವ ಬ್ಲೇಡನ್ನಾಗಲಿ ಇದಕ್ಕೆಂದು ಇಟ್ಟುಕೊಳ್ಳಲೇಬಾರದು. ಮಂಡಲದ ವಿಷವು ಕಚ್ಚಿದೆಡೆಯ ಮಾಂಸವನ್ನೇ ಕೊಳೆಸುವಂಥದು, ರಕ್ತಸಂಚಾರವನ್ನು ತಡೆದರೆ ಅಂಗವೇ ನಷ್ಟವಾದೀತು. ವಿಷನಿರೋಧಕದ ಚುಚ್ಚುಮದ್ದು ಆಸ್ಪತ್ರೆಯ ವಸ್ತು; ಅದೂ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಸಿದ್ಧಪಡಿಸಿದುದು, ಈ ಘಟ್ಟದ ಗುಳಿಮಂಡಲಗಳಿಗಲ್ಲ. ಪ್ರಯಾಣಿಕನು ಮಾಡಬಹುದಾದುದು ಕಡಿತಕ್ಕೊಳಗಾದ ಅಂಗವು ಅಲುಗದಂತೆ ನೋಡಿಕೊಂಡು ತ್ವರಿತವಾಗಿ ಸಾಗಿಸುವುದು. ಇದಕ್ಕೆ ಅಗಲವಾದ ಕ್ರೇಪ್ ಬ್ಯಾಂಡೇಜ್ ಎರಡು ಸುರುಳಿ ಸಾಕು. ಆಸರೆಯ ಪಟ್ಟಿಯನ್ನು ಹೊತ್ತು ತರಬೇಕಾದುದಿಲ್ಲ, ಏಕೆಂದರೆ ಯಾವ ಮನೆಯ ಅಂಗಳದಲ್ಲಿಯೂ ಬಿದ್ದಿರುವ ಅಡಿಕೆ ದಬ್ಬೆಗಿಂತ ನೆಟ್ಟಗಿನದೂ ಗಟ್ಟಿಯಾದುದೂ ಸಿಗದು.

ಮನೆಯ ಗಂಟಿನ ದೊಡ್ಡ ಗುಣವೆಂದರೆ ಅದನ್ನು ಆಳು ನೋಡಿ ಕಟ್ಟಿರುತ್ತಾರೆ: ಅಪ್ಪಯ್ಯನ ಬಿ.ಪಿ. ಗುಳಿಗೆ, ದೇವಿಮನೆ ಘಟ್ಟದ ತಿರುವುಗಳಲ್ಲಿ ವಾಂತಿಯಾಗುವ ಮಗುವಿಗೆ ಶುಂಠಿಯ ಚೂರು, ಪಿತ್ತದ ಗಂಧೆ ಏಳುವವರಿಗೆ ಒಣಗಿಸಿದ ಮುರುಗಲು ಸಿಪ್ಪೆ. ಒಗೆದು ಬಿಸಿಲಿಗೆ ಹಾಕಿದ ಹಳೆಯ ಪಂಚೆಯ ತುಂಡು ಅದರಲ್ಲಿ ತಪ್ಪದೆ ಇರುತ್ತದೆ. ಅರಬೈಲು ಘಟ್ಟದ ಅಪಘಾತದಂಥ ಸಂದರ್ಭದಲ್ಲಿ ನೆತ್ತರನ್ನು ಒತ್ತಿ ನಿಲ್ಲಿಸಬಲ್ಲುದು ಅಂಥ ದೊಡ್ಡ ಬಟ್ಟೆಯೇ ಹೊರತು ಬೆರಳಗಲದ ಅಂಟುಪಟ್ಟಿಯಲ್ಲ. ಆದರೆ ಅದೇ ಗಂಟಿನಲ್ಲಿ ಗಾಯಕ್ಕೆ ತುಂಬುವ ಕಾಫಿಪುಡಿಯೂ ಇರುವುದು ಖೇದಕರ. ಆ ಪುಡಿಯನ್ನು ತೆಗೆದು ಗಾಯವನ್ನು ಶುಚಿಗೊಳಿಸುವುದಕ್ಕೇ ಆಸ್ಪತ್ರೆಯಲ್ಲಿ ಹೊತ್ತು ಹಿಡಿಯುತ್ತದೆ, ರೋಗಿಗೆ ಇಮ್ಮಡಿ ನೋವಾಗುತ್ತದೆ. ಭೇದಿಗೆ ಓಮದ ಕಷಾಯವನ್ನು ಕುಡಿಸುವವರು ಓ.ಆರ್.ಎಸ್. ಪೊಟ್ಟಣವನ್ನು ಮರೆಯಬಾರದು, 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಕಾಲರಾ ರೋಗಿಗಳನ್ನು ಬದುಕಿಸಿದುದು ಇಂಥ ಸಕ್ಕರೆ-ಉಪ್ಪಿನ ನೀರಿನಿಂದಲೇ. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು ಹಾಕಬೇಕು, ಲೋಟದ ಅಂದಾಜು ಸಲ್ಲದು.

ಗುಳಿಗೆಗಳ ಹಾಳೆಯನ್ನು ಎರಡೆರಡು ಗುಳಿಗೆಗಳ ತುಂಡುಗಳಾಗಿ ಕತ್ತರಿಸಿ ಗಂಟಿಗೆ ಸೇರಿಸುವ ಪದ್ಧತಿಯನ್ನಂತೂ ನಾನು ಖಂಡಿಸಲೇಬೇಕಾಗಿದೆ. ಹೆಸರೂ ಅವಧಿಯ ತಾರೀಖೂ ಹಾಳೆಯ ಇನ್ನೊಂದು ತುಂಡಿನಲ್ಲಿ ಮನೆಯಲ್ಲೇ ಉಳಿದು, ನಡುರಾತ್ರಿ ಟಾರ್ಚಿನ ಬೆಳಕಿನಲ್ಲಿ ಹಿಡಿದು ನೋಡುವವನಿಗೆ ಬೆಳ್ಳಿಬಣ್ಣದ ಕಾಗದದಲ್ಲಿ ಬಿಳಿಯ ಬಿಲ್ಲೆಯೊಂದೇ ಕಾಣುತ್ತದೆ; ಅದು ಜ್ವರದ್ದೋ, ಅಪ್ಪಯ್ಯನ ರಕ್ತದೊತ್ತಡದ್ದೋ ಎಂದು ಹೇಳುವವರಾರು? ಬಳಸುವ ಬಗೆಯನ್ನು ವಸ್ತುವಿನ ಮೇಲೆಯೇ ಬರೆಯುವುದು ಹೊಸತೇನೂ ಅಲ್ಲ: 19ನೆಯ ಶತಮಾನದ ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕ್ ಸೈನಿಕರಿಗೆ ಕೊಡುವ ಮುಕ್ಕೋನದ ಪಟ್ಟಿಬಟ್ಟೆಯ ಮೇಲೆಯೇ ಅದನ್ನು ಕಟ್ಟುವ ಬಗೆಗಳ ಚಿತ್ರಗಳನ್ನು ಅಚ್ಚುಹಾಕಿಸಿದ್ದನು. ಅದೇ ರೀತಿಯಲ್ಲಿ ಉಂಬಳ, ಉಣುಗು, ಹಾವುಗಳಿಗೆ ಮಾಡಬೇಕಾದುದನ್ನೂ ಮಾಡಬಾರದುದನ್ನೂ ಕನ್ನಡದಲ್ಲಿ ಮುದ್ರಿಸಿದ ಒಂದು ಹಾಳೆಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ ಮಾರುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳ ಔಷಧದಂಗಡಿಯವರಿಗೆ ಮುಂದಿನ ಮಳೆಗಾಲದೊಳಗೇ ಸಾಧ್ಯವಾದ ಕೆಲಸ.